ಉಡುಪಿಯ ಟಿವಿ ಪುಣೆಯಲ್ಲಿ: ನಾಲ್ಕು ದಾರಿ ನೋಡಿದೆ, ಒಂದು ಉಳಿಯಿತು

ಅಪ್ಪನಿಗೆ 74 ವರ್ಷ. ಮಳೆಗಾಲದಲ್ಲಿ ಮಂಡಿನೋವು ಜಾಸ್ತಿ ಅಂತ ನಾಲ್ಕು ತಿಂಗಳು ಪುಣೆಯಲ್ಲಿ ತಂಗಿಯ ಮನೆಯಲ್ಲಿ ಇರುತ್ತಾರೆ. ಅಲ್ಲಿ ಅವರಿಗೆ ಎಲ್ಲ ಉಂಟು, ನಮ್ಮೂರಿನ ಕೇಬಲ್ ಚಾನೆಲ್ ಒಂದು ಬಿಟ್ಟು. ಮೇ ಕೊನೆಯ ಪತ್ತನಾಜೆಗೆ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದ ಮೇಲೆ ರಾತ್ರಿ ಆ ಚಾನೆಲ್‌ನಲ್ಲಿ ಬರುವ ಯಕ್ಷಗಾನವೇ ಅವರಿಗೆ ಆಟ.

ಯೂಟ್ಯೂಬ್‌ನಲ್ಲಿ ಇಲ್ವಾ ಅಂತ ಕೇಳಬಹುದು. ಬೇಕಾದಷ್ಟು ಉಂಟು. ಆದರೆ ಹುಡುಕಿ ಹಾಕಿದ ಆಟ ಬೇರೆ, ಟಿವಿ ಹಾಕಿದಾಗ ಎದುರಿಗೆ ಬಂದ ಆಟ ಬೇರೆ. ನಡುವೆ ಊರಿನ ಸುದ್ದಿ, ಶ್ರದ್ಧಾಂಜಲಿ, ಜಾತ್ರೆಯ ನೇರಪ್ರಸಾರ ಎಲ್ಲ ಅವರಿಗೆ ಒಟ್ಟಿಗೆ ಬೇಕು. ಹಾಗಾಗಿ ಉಡುಪಿಯ ಅಂಬಲಪಾಡಿಯ ನಮ್ಮ ಮನೆಯ ಟಿವಿಯಲ್ಲಿ ಬರುವುದನ್ನೇ ಇಂಟರ್ನೆಟ್ ಮೂಲಕ ಪುಣೆಗೆ ಕಳಿಸುವುದು ಅಂತ ತೀರ್ಮಾನ ಮಾಡಿದೆ.

ಮೊದಲು ಸ್ಲಿಂಗ್‌ಬಾಕ್ಸ್ ವಿಷಯ ಮುಗಿಸುತ್ತೇನೆ. ಈ ಕೆಲಸಕ್ಕೆಂದೇ 2005ರಲ್ಲಿ ಬಂದ ಪೆಟ್ಟಿಗೆ ಅದು. ತಮ್ಮ ಊರಿನ ಬೇಸ್‌ಬಾಲ್ ತಂಡದ ಆಟವನ್ನು ಪ್ರವಾಸದಲ್ಲಿ ಇದ್ದಾಗಲೂ ನೋಡಬೇಕು ಅಂತ ಅಮೆರಿಕದ ಅಣ್ಣತಮ್ಮ ಇಬ್ಬರು ಮಾಡಿದ್ದು. ನಮ್ಮ ಅಪ್ಪನ ಆಸೆಯೂ ಅದೇ ಅಲ್ವಾ! ಆದರೆ 2022ರ ನವೆಂಬರ್ 9ಕ್ಕೆ ಕಂಪನಿ ಅದರ ಸರ್ವರ್‌ಗಳನ್ನು ನಿಲ್ಲಿಸಿತು. ಪರಿಚಯದವರೊಬ್ಬರು ತಮ್ಮ ಹಳೆಯದನ್ನು ಕೊಟ್ಟರು, ಕಂಪನಿಯ ಆ್ಯಪ್‌ನಲ್ಲಿ ಏನೂ ಆಗಲಿಲ್ಲ. ಯಾರಾದರೂ ಕಡಿಮೆ ಬೆಲೆಗೆ ಕೊಡುತ್ತೇನೆ ಅಂದರೂ ತಗೊಳ್ಳಬೇಡಿ.

ಎರಡನೆಯದು ಫ್ರೀ ಡಿಶ್, ಅಂದರೆ ತಿಂಗಳ ಬಾಡಿಗೆ ಇಲ್ಲದ ದೂರದರ್ಶನದ ಡಿಟಿಎಚ್. ರಾಸ್ಪ್‌ಬೆರಿ ಪೈ ಎಂಬ ಅಂಗೈಯಗಲದ ಕಂಪ್ಯೂಟರ್‌ಗೆ ಯುಎಸ್‌ಬಿ ಸ್ಯಾಟಲೈಟ್ ಟ್ಯೂನರ್ ಹಾಕಿ, ಟಿವಿಹೆಡ್‌ಎಂಡ್ ಎಂಬ ಉಚಿತ ಸಾಫ್ಟ್‌ವೇರ್ ಹಾಕಿದೆ. ಡಿಶ್ ಅನ್ನು 93.5 ಡಿಗ್ರಿ ಪೂರ್ವದ ಜಿಸ್ಯಾಟ್-15ರ ಕಡೆ ತಿರುಗಿಸಿದೆ. ಚಿತ್ರ ಎಷ್ಟು ಚೆಂದ ಅಂದರೆ, ಉಳಿದ ಯಾವ ದಾರಿಯಲ್ಲೂ ಅಷ್ಟು ಸಿಗಲಿಲ್ಲ. ಉಪಗ್ರಹದಿಂದ ಬಂದದ್ದನ್ನು ಹಾಗೆಯೇ ದಾಟಿಸುತ್ತದೆ, ಬೇಕಾದರೆ ರೆಕಾರ್ಡ್ ಕೂಡ ಮಾಡುತ್ತದೆ. ಆದರೆ ನಮ್ಮ ಲೋಕಲ್ ಚಾನೆಲ್ ಅದರಲ್ಲಿ ಇಲ್ಲ. ಮಳೆ ಜೋರಾದರೆ ಸಿಗ್ನಲ್ಲೂ ಇಲ್ಲ. ಆ ಅಲೆಗಳನ್ನು ದಪ್ಪ ಮಳೆ ತಡೆಯುತ್ತದೆ, ಉಡುಪಿಯ ಜೂನ್‌ನಲ್ಲಿ ದಪ್ಪ ಮಳೆಗೇನು ಬರವಾ? ಬರೀ ಡಿಡಿ ಚಂದನ ಸಾಕು ಅನ್ನುವವರಿಗೆ ಇಷ್ಟು ಕಷ್ಟವೂ ಬೇಡ. ಪ್ರಸಾರ ಭಾರತಿ 2024ರಲ್ಲಿ ತಂದ ವೇವ್ಸ್ ಆ್ಯಪ್‌ನಲ್ಲಿ ಅದು ಸುಮ್ನೆ ಸಿಗುತ್ತದೆ.

ಹಾಗಾಗಿ ನಿಜವಾದ ಪೈಪೋಟಿ ಉಳಿದ ಎರಡರ ನಡುವೆ. ಒಂದು, ಅಂಗಡಿಯಲ್ಲಿ ರೆಡಿ ಸಿಗುವ ಎಚ್‌ಡಿಎಂಐ ಎನ್‌ಕೋಡರ್, ಅಂದರೆ ಕೇಬಲ್ ಬಾಕ್ಸ್‌ನ ಚಿತ್ರವನ್ನು ಇಂಟರ್ನೆಟ್‌ನಲ್ಲಿ ಹೋಗುವ ಹಾಗೆ ಮಾಡುವ ಪೆಟ್ಟಿಗೆ. ಇನ್ನೊಂದು, ಅದೇ ಪೈಗೆ ಚಿಕ್ಕ ಯುಎಸ್‌ಬಿ ಕ್ಯಾಪ್ಚರ್ ಸಾಧನ ಹಾಕಿ ನಾವೇ ಮಾಡಿಕೊಳ್ಳುವುದು.

ಎನ್‌ಕೋಡರ್‌ಗೆ 6,500 ರೂಪಾಯಿ ಕೊಟ್ಟೆ. ಒಂದು ಕಡೆ ಎಚ್‌ಡಿಎಂಐ, ಇನ್ನೊಂದು ಕಡೆ ಲ್ಯಾನ್ ವಯರ್, ಅಷ್ಟೇ. ಕೇಬಲ್ ಬಾಕ್ಸ್‌ಗೆ ಸಿಕ್ಕಿಸಿದರೆ ಪರದೆ ಪೂರ್ತಿ ಕಪ್ಪು. ಬಾಕ್ಸ್ ಹಾಳಾಗಿದೆ ಅಂತ ಅರ್ಧ ದಿನ ಒದ್ದಾಡಿದೆ. ಹಾಳಾಗಿರಲಿಲ್ಲ. ಸೆಟ್‌ಟಾಪ್ ಬಾಕ್ಸ್‌ನ ಎಚ್‌ಡಿಎಂಐಗೆ ನಕಲು ತಡೆಯುವ ಬೀಗ ಇರುತ್ತದೆ, ಎದುರಿಗೆ ಟಿವಿಯೇ ಇದೆ ಅಂತ ಖಾತ್ರಿಯಾದರೆ ಮಾತ್ರ ಚಿತ್ರ ಬಿಡುತ್ತದೆ. ಅದೇ ಬಾಕ್ಸ್‌ನ ಹಳದಿ, ಬಿಳಿ, ಕೆಂಪು ಎವಿ ಪಿನ್‌ಗಳಿಗೆ ಆ ಬೀಗ ಇಲ್ಲ. ಎವಿಯನ್ನು ಎಚ್‌ಡಿಎಂಐಗೆ ತಿರುಗಿಸುವ ಡಬ್ಬಿ ತಂದು ನಡುವೆ ಹಾಕಿದೆ. ಚಿತ್ರ ಬಂತು, ಆದರೆ ವೇಷದವರೆಲ್ಲ ಅಡ್ಡಕ್ಕೆ ಹಿಗ್ಗಿದ ಹಾಗೆ. ದಿಗಿಣ (ಗಿರಗಿರ ತಿರುಗುವ ಜಿಗಿತ) ಹಾಕುವಾಗ ಕೈಕಾಲಿನ ಅಂಚಿನಲ್ಲಿ ಬಾಚಣಿಗೆಯ ಹಲ್ಲಿನ ಹಾಗೆ ಗೆರೆಗಳು.

ಅದಕ್ಕಿಂತ ದೊಡ್ಡ ತೊಡಕು ಬೇರೆ. ನಮ್ಮ ಫೈಬರ್ ಸಂಪರ್ಕಕ್ಕೆ ಸ್ವಂತ ಪಬ್ಲಿಕ್ ಐಪಿ, ಅಂದರೆ ಹೊರಗಿನಿಂದ ತಲುಪಬಹುದಾದ ಇಂಟರ್ನೆಟ್ ವಿಳಾಸ, ಇಲ್ಲ. ನಿಮ್ಮದೂ ಹಾಗೇ ಇರಬಹುದು. ರೌಟರ್‌ನ ಸ್ಟೇಟಸ್ ಪುಟದಲ್ಲಿ ವ್ಯಾನ್ (WAN) ವಿಳಾಸ 100.64ರಿಂದ 100.127ರ ಒಳಗೆ ಇದ್ದರೆ, ಬೇರೆ ಮನೆಗಳ ಜೊತೆ ಒಂದೇ ವಿಳಾಸ ಹಂಚಿಕೊಂಡಿದ್ದೀರಿ ಅಂತ ಅರ್ಥ. ಹೊರಗಿನಿಂದ ನೇರ ಒಳಗೆ ಬರಲು ಆಗುವುದಿಲ್ಲ. ಎರಡು ಕಡೆಯ ಸಾಧನಗಳನ್ನು ಒಂದೇ ಖಾಸಗಿ ಜಾಲಕ್ಕೆ ಸೇರಿಸುವ ಟೇಲ್‌ಸ್ಕೇಲ್ ಎಂಬ ವಿಪಿಎನ್ ಹಾಕಿದರೆ ಈ ಕಷ್ಟ ಹೋಗುತ್ತದೆ. ಮನೆಬಳಕೆಗೆ ಉಚಿತ, ಆಂಡ್ರಾಯ್ಡ್ ಟಿವಿಗೂ ಆ್ಯಪ್ ಉಂಟು. ಆದರೆ ನನ್ನ ಎನ್‌ಕೋಡರ್ ಒಳಗೆ ಅದನ್ನು ಹಾಕಲು ಬರುವುದಿಲ್ಲ, ಅದಕ್ಕೆಂದೇ ಮನೆಯಲ್ಲಿ ಇನ್ನೊಂದು ಕಂಪ್ಯೂಟರ್ ಸದಾ ಆನ್ ಇರಬೇಕು. ಹೇಗೂ ಪೈ ಬೇಕೇ ಬೇಕು ಅಂತಾದರೆ ಎನ್‌ಕೋಡರ್ ಯಾಕೆ? ಪಬ್ಲಿಕ್ ಐಪಿ ಮತ್ತು ವಿಪಿಎನ್ ಇರುವ ಒಳ್ಳೆಯ ರೌಟರ್ ಎರಡೂ ನಿಮ್ಮಲ್ಲಿದ್ದರೆ ಲೆಕ್ಕ ಬೇರೆ, ಆಗ ಎನ್‌ಕೋಡರ್ ಸುಲಭ.

ಎವಿ ಪಿನ್‌ಗಳಿಂದ ಚಿತ್ರ ತೆಗೆದು ಪೈಗೆ ಕೊಡುವ ಕ್ಯಾಪ್ಚರ್ ಸಾಧನ 600 ರೂಪಾಯಿ. ಹೊರಗಿನಿಂದ ಎಲ್ಲ ಒಂದೇ ಥರ ಕಾಣುತ್ತದೆ, ಒಳಗಿನ ಚಿಪ್ ಬೇರೆ ಬೇರೆ. ಮೊದಲು ತಂದದ್ದು ಕೆಲಸ ಮಾಡಲಿಲ್ಲ. ಎಸ್‌ಟಿಕೆ1160 ಚಿಪ್‌ನದ್ದು ಕೇಳಿ ತಗೊಳ್ಳಿ, ಲಿನಕ್ಸ್‌ನಲ್ಲಿ ಅದಕ್ಕೆ ಡ್ರೈವರ್ ಮೊದಲೇ ಇದೆ. ಪೈ 4 ಸಾಕು, ವೀಡಿಯೊವನ್ನು ಎಚ್.264 ಎಂಬ ರೂಪಕ್ಕೆ ಕುಗ್ಗಿಸುವ ಹಾರ್ಡ್‌ವೇರ್ ಅದರಲ್ಲಿದೆ. ಪೈ 5ರಲ್ಲಿ ಅದನ್ನು ತೆಗೆದಿದ್ದಾರೆ.

ಚಿತ್ರ 720×576, ಹಳೆಯ ಟಿವಿಯ ಗಾತ್ರ. ಆ ಬಾಚಣಿಗೆ ಗೆರೆಗಳನ್ನು ಎಫ್‌ಎಫ್‌ಎಂಪೆಗ್ ಎಂಬ ವೀಡಿಯೊ ಸಾಫ್ಟ್‌ವೇರ್‌ನ ಯಾಡಿಫ್ ಫಿಲ್ಟರ್ ಅಳಿಸಿತು. ಚಿತ್ರದ ಡೇಟಾ ವೇಗವನ್ನು 1 ಎಂಬಿಪಿಎಸ್‌ಗೆ ಇಟ್ಟಾಗ ದಿಗಿಣದಲ್ಲಿ ಬಣ್ಣಗಳೆಲ್ಲ ಕಲಸಿಹೋಗುತ್ತಿದ್ದವು, 2ಕ್ಕೆ ಏರಿಸಿದ ಮೇಲೆ ಕಿರೀಟದ ಮಿಂಚು ಕೂಡ ಕಾಣುತ್ತದೆ. ಗಂಟೆಗೆ ಸುಮಾರು 900 ಎಂಬಿ ಖರ್ಚು. ಮೊಬೈಲ್ ಡೇಟಾದಲ್ಲಿ ನೋಡುವವರು ಇದನ್ನು ಗಮನಿಸಿ.

ಮೊದಲ ರಾತ್ರಿ ಅಪ್ಪ ಫೋನ್ ಮಾಡಿದರು. "ಮಗಾ, ಚಿತ್ರ ಲಾಯ್ಕ್ ಬರ್ತದೆ. ಆದ್ರೆ ಹೆಜ್ಜೆ ಬಿದ್ದ ಮೇಲೆ ಚೆಂಡೆ ಪೆಟ್ಟು ಬರ್ತದಲ್ಲ?" ನಾನು ವಾರವಿಡೀ ಪರೀಕ್ಷೆ ಮಾಡಿದ್ದೆ, ನನಗೆ ಗೊತ್ತೇ ಆಗಿರಲಿಲ್ಲ. ಅವರು ಫೋನ್‌ನಲ್ಲಿ ಇರುವಾಗಲೇ ಚಿತ್ರವನ್ನು ಸ್ವಲ್ಪ ಸ್ವಲ್ಪ ತಡ ಮಾಡುತ್ತಾ ಹೋದೆ. 0.4 ಸೆಕೆಂಡ್‌ಗೆ ಬಂದಾಗ "ಹಾಂ, ಈಗ ಕೂತಿತು" ಅಂದರು. ಧ್ವನಿಯನ್ನು 64 ಕೆಬಿಪಿಎಸ್‌ನಿಂದ 128ಕ್ಕೆ ಏರಿಸಿದ್ದೂ ಅವರು ಹೇಳಿದ ಮೇಲೆಯೇ. ಭಾಗವತರ ತಾಳ ತಗಡಿನ ಹಾಗೆ ಕೇಳುತ್ತಿತ್ತಂತೆ.

ಚಾನೆಲ್ ಬದಲಿಸಲು ಪೈಗೆ ರಿಮೋಟ್‌ನ ಹಾಗೆ ಸಂಕೇತ ಕಳಿಸುವ ಐಆರ್ ಎಲ್‌ಇಡಿ ಒಂದನ್ನು ಜೋಡಿಸಿ ಕೇಬಲ್ ಬಾಕ್ಸ್‌ನ ಮುಖಕ್ಕೆ ಅಂಟಿಸಿದ್ದೇನೆ. ಅಪ್ಪನ ಮೊಬೈಲ್‌ನಲ್ಲಿ ಐದು ದೊಡ್ಡ ಗುಂಡಿಗಳ ಪುಟ, ಒತ್ತಿದರೆ ಇಲ್ಲಿ ಚಾನೆಲ್ ಬದಲಾಗುತ್ತದೆ. ವೀಡಿಯೊ ಕಳಿಸಲು ಎಚ್‌ಎಲ್‌ಎಸ್ ಎಂಬ ವಿಧಾನ ಬಳಸಬೇಡಿ. ಒತ್ತಿ ಹತ್ತು ಸೆಕೆಂಡ್ ಕಾಯುವಷ್ಟರಲ್ಲಿ ಹಿರಿಯರು ಇನ್ನೊಮ್ಮೆ ಒತ್ತಿರುತ್ತಾರೆ. ಆರ್‌ಟಿಎಸ್‌ಪಿ ಎಂಬ ಇನ್ನೊಂದು ವಿಧಾನದಲ್ಲಿ ಎರಡು ಸೆಕೆಂಡ್ ಒಳಗೆ ಬರುತ್ತದೆ. ಪುಣೆಯ ಟಿವಿಯಲ್ಲಿ ವಿಎಲ್‌ಸಿ ಹಾಕಿದರೆ ಆಯಿತು. ಇನ್ನೊಂದು ಮಾತು, ಇದು ನಮ್ಮ ಸಂಪರ್ಕ, ನಮ್ಮ ಮನೆಯವರಷ್ಟೇ ನೋಡುವುದು. ಲಿಂಕ್ ಹೊರಗಿನವರಿಗೆ ಕೊಡಬಾರದು.

ಎನ್‌ಕೋಡರ್ ಗೆದ್ದ ಒಂದು ಜಾಗ ಕರೆಂಟು. ಎಷ್ಟು ಸಲ ಹೋಗಿ ಬಂದರೂ ಅದು ತಾನೇ ಎದ್ದು ಕೂರುತ್ತದೆ. ಪೈ ಹಾಗಲ್ಲ. ಜೂನ್ ಮೊದಲ ವಾರದಲ್ಲೇ ಅದರ ಮೆಮೊರಿ ಕಾರ್ಡ್ ಕೆಟ್ಟು, ಎಲ್ಲವನ್ನೂ ಮತ್ತೆ ಮೊದಲಿನಿಂದ ಮಾಡಿದೆ. ಈಗ ಕಾರ್ಡ್‌ಗೆ ಏನೂ ಬರೆಯದ ಹಾಗೆ ಓವರ್‌ಲೇ ಸೆಟ್ಟಿಂಗ್ ಹಾಕಿ, ಪೈ, ರೌಟರ್, ಕೇಬಲ್ ಬಾಕ್ಸ್ ಮೂರನ್ನೂ ಇನ್ವರ್ಟರ್‌ಗೆ ಕೊಟ್ಟಿದ್ದೇನೆ. ಆಮೇಲೆ ತೊಂದರೆ ಇಲ್ಲ.

ಸಿಡಿಲಿಗೆ ಮಾತ್ರ ಯಾವ ಸೆಟ್ಟಿಂಗೂ ಇಲ್ಲ. ಗುಡುಗು ಶುರುವಾದರೆ ಕೇಬಲ್ ವಯರ್, ಪ್ಲಗ್ ಎರಡನ್ನೂ ಕಿತ್ತಿಡುತ್ತೇನೆ. ಆಟದ ನಡುವೆ ಚಿತ್ರ ನಿಂತರೆ ಅಪ್ಪ ಈಗ ಏನು ಹಾಳಾಯಿತು ಅಂತ ಕೇಳುವುದಿಲ್ಲ. "ಅಲ್ಲಿ ಸಿಡಿಲು ಉಂಟಾ?" ಅಂತ ಕೇಳಿ, ಹೌದು ಅಂದರೆ ಮಲಗುತ್ತಾರೆ.