ಸಿಗ್ನಲ್ ಸೊನ್ನೆ, ತೇವಾಂಶ 31: ತೋಟಕ್ಕೆ ತಂದ ಲೋರಾ ಕಿಟ್

ದೂರವಾಣಿ ಇಲಾಖೆಯಲ್ಲಿ ಮೂವತ್ತೊಂದು ವರ್ಷ ದುಡಿದು ಬಂದವನು ನಾನು. ಸಂಕೇತದ ಬಲ ಹೋಲಿಸುವ ಡೆಸಿಬೆಲ್ ಎಂದರೆ ಹಳೆಯ ನೆಂಟ. ಆ ಸಲಿಗೆಯಿಂದಲೇ ಕಳೆದ ಜನವರಿಯಲ್ಲಿ ಅಡಿಕೆ ತೋಟದ ಮಣ್ಣಿನ ತೇವ ಅಳೆಯಲು ಈ ಲೋರಾ ಕಿಟ್ ತರಿಸಿದೆ. ಲೋರಾ ಎಂದರೆ ಕಡಿಮೆ ವಿದ್ಯುತ್ತಿನಲ್ಲಿ ಸಣ್ಣ ಮಾಹಿತಿಯನ್ನು ದೂರಕ್ಕೆ ಕಳಿಸುವ ರೇಡಿಯೋ ವಿಧಾನ. ತೇವ ಅಳೆದು ಕಳಿಸುವ ಐದು ಪೆಟ್ಟಿಗೆ (ನೋಡ್), ಅವು ಕಳಿಸಿದ್ದನ್ನು ಹಿಡಿಯುವ ಒಂದು ಗೇಟ್‌ವೇ, ಒಂದು ಆ್ಯಪ್. ಬೆಲೆ 22 ಸಾವಿರ. ಒಳಗಿರುವ ರೇಡಿಯೋ ಸೆಮ್ಟೆಕ್ ಕಂಪನಿಯ ಎಸ್‌ಎಕ್ಸ್ 1276, ಆವರ್ತನ 866 ಮೆಗಾಹರ್ಟ್ಸ್. ಕಿಟ್ ಜೋಡಿಸಿ ಮಾರಿದವರ ಹೆಸರನ್ನು ಹೇಳುವುದಿಲ್ಲ.

ಮೊದಲು ಒಳ್ಳೆಯ ಮಾತು. ತೇವದ ಲೆಕ್ಕ ನಂಬುವಂತಿದೆ. ಮಣ್ಣನ್ನು ಮುಷ್ಟಿಯಲ್ಲಿ ಹಿಡಿದು ನೋಡುವ ನಮ್ಮ ಕೆಲಸದಾಳಿನ ಅಂದಾಜಿಗೂ ಅದಕ್ಕೂ ತಾಳೆಯಾಗುತ್ತದೆ. ಬ್ಯಾಟರಿ ಇನ್ನೂ ಬದಲಿಸಿಲ್ಲ. ಪೆಟ್ಟಿಗೆಯೊಳಗೆ ಇರುವೆ ಹೊಕ್ಕಿದ್ದು ಒಮ್ಮೆ ಮಾತ್ರ.

ತಕರಾರು ಇರುವುದು ಸಿಗ್ನಲ್ ತೋರಿಸುವ ರೀತಿಯಲ್ಲಿ. ಆ್ಯಪ್‌ನಲ್ಲಿ ಡಿಬಿಎಂ (ಒಂದು ಮಿಲಿವ್ಯಾಟ್‌ಗೆ ಹೋಲಿಸಿದ ಬಲ; ಸೊನ್ನೆಯಿಂದ ಕೆಳಗಿಳಿದಷ್ಟೂ ಕ್ಷೀಣ) ಎಂಬ ಮಾತೇ ಇಲ್ಲ, ಬರೀ ಶೇಕಡಾವಾರು. ಮನೆಯ ಹತ್ತಿರದ ಒಂದನೆಯ ನೋಡ್‌ಗೆ ಶೇ 18, ಹಳ್ಳದ ಬದಿಯ ಐದನೆಯದಕ್ಕೆ ಸೊನ್ನೆ. ಸೊನ್ನೆಯಾದರೆ ಏನೂ ಬರಬಾರದಲ್ಲವೇ? ಹತ್ತಕ್ಕೆ ಎಂಟು ಬಾರಿ ಅದರಿಂದ ತೇವದ ಅಂಕಿ ಬರುತ್ತಲೇ ಇತ್ತು. ಅಣ್ಣನ ಮಗ ಗೇಟ್‌ವೇಯನ್ನು ಲ್ಯಾಪ್‌ಟಾಪ್‌ಗೆ ಸಿಕ್ಕಿಸಿ ಅದರ ಲಾಗ್ ತೆರೆದುಕೊಟ್ಟ. ಸಿಗ್ನಲ್ ಬಲಕ್ಕೆ (ಆರ್‌ಎಸ್‌ಎಸ್‌ಐ) ಚಿಪ್ ಕೊಡುವ ಕಚ್ಚಾ ಅಂಕಿ ಒಂದನೆಯ ನೋಡ್‌ಗೆ 55. ಕಿಟ್‌ನವರು ಅದರಿಂದ 164 ಕಳೆದು -109 ಡಿಬಿಎಂ ಎಂದು ಬರೆದಿದ್ದರು. 164 ಎಂಬುದು 525 ಮೆಗಾಹರ್ಟ್ಸ್‌ವರೆಗಿನ ಕೆಳಗಿನ ಆವರ್ತನಗಳಿಗೆ. 866ಕ್ಕೆ ಕಳೆಯಬೇಕಾದದ್ದು 157. ಅಂದರೆ ನಿಜವಾದ ಬಲ -102. ಏಳು ಡೆಸಿಬೆಲ್ ಎಂದರೆ ಐದು ಪಟ್ಟು ಶಕ್ತಿ. ಅದನ್ನು ಲೆಕ್ಕದಲ್ಲೇ ನುಂಗಿಬಿಟ್ಟಿದ್ದಾರೆ. ಬಳಿಕ -120ನ್ನು ಸೊನ್ನೆ, -60ನ್ನು ನೂರು ಎಂದು ಹಿಡಿದು ಶೇಕಡಾ ಮಾಡಿದ್ದಾರೆ. ಹೀಗೆ ಹಿಡಿಯಲು ಯಾರು ಹೇಳಿದರೋ.

ಇದಕ್ಕಿಂತ ದೊಡ್ಡ ತಪ್ಪು ಐದನೆಯ ನೋಡ್‌ನದು. 125 ಕಿಲೋಹರ್ಟ್ಸ್ ಅಗಲದಲ್ಲಿ ಶಾಖದಿಂದ ಹುಟ್ಟುವ ಗದ್ದಲವೇ ಸುಮಾರು -123 ಡಿಬಿಎಂ. ರಿಸೀವರಿನ ಸ್ವಂತ ಗದ್ದಲವೂ ಸೇರಿ ಅದು -117ರ ಆಸುಪಾಸಿಗೆ ಏರುತ್ತದೆ. ಸಂಕೇತ ಅದಕ್ಕಿಂತ ಕೆಳಗಿಳಿದರೆ ಆರ್‌ಎಸ್‌ಎಸ್‌ಐ ಅಳೆಯುವುದು ಹೆಚ್ಚುಕಡಿಮೆ ಗದ್ದಲವನ್ನೇ. ಚಂಡೆ ಬಾರಿಸುವಾಗ ಪಕ್ಕದವರ ಪಿಸುಮಾತನ್ನು ಧ್ವನಿಮಾಪಕದಲ್ಲಿ ಅಳೆದಂತೆ. ಆದರೆ ಲೋರಾ ಆ ಚಂಡೆಯ ನಡುವೆಯೂ ಪಿಸುಮಾತನ್ನು ಹೆಕ್ಕಬಲ್ಲದು, ಅದರ ಹೆಚ್ಚುಗಾರಿಕೆಯೇ ಅದು. ಆಗ ನೋಡಬೇಕಾದದ್ದು ಎಸ್‌ಎನ್‌ಆರ್, ಅಂದರೆ ಸಂಕೇತ ಗದ್ದಲಕ್ಕಿಂತ ಎಷ್ಟು ಡೆಸಿಬೆಲ್ ಮೇಲೆ ಅಥವಾ ಕೆಳಗೆ ಎಂಬುದು. ಅದು ಸೊನ್ನೆಗಿಂತ ಕೆಳಗಿದ್ದರೆ ಆರ್‌ಎಸ್‌ಎಸ್‌ಐಗೆ ಕೂಡಿಸಬೇಕೆಂದು ಚಿಪ್‌ನ ಕೈಪಿಡಿಯಲ್ಲೇ ಇದೆ. ಐದನೆಯ ನೋಡ್‌ನ ಕಚ್ಚಾ ಅಂಕಿ 40, ಎಸ್‌ಎನ್‌ಆರ್ -11. ಹಾಗಾಗಿ -117ರ ಜೊತೆಗೆ -11, ಒಟ್ಟು -128. ಕಿಟ್ ಓಡುವುದು ಸ್ಪ್ರೆಡಿಂಗ್ ಫ್ಯಾಕ್ಟರ್ (ಸಂಕೇತವನ್ನು ಎಷ್ಟು ಹಿಗ್ಗಿಸಿ ಕಳಿಸಬೇಕೆಂಬ ಲೋರಾ ಅಳತೆ) 9ರಲ್ಲಿ, ಅಲ್ಲಿ ಎಸ್‌ಎನ್‌ಆರ್ -12.5ರವರೆಗೆ ತಾಳುತ್ತದೆ. ಒಂದೂವರೆ ಡೆಸಿಬೆಲ್ ಅಂಚಿನಲ್ಲಿ ನೇತಾಡುತ್ತಿದ್ದ ನೋಡ್ ಹತ್ತಕ್ಕೆರಡು ಕಳೆದುಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಮೊಣಕಾಲೆತ್ತರದಲ್ಲಿದ್ದ ಆ ಪೆಟ್ಟಿಗೆಯನ್ನು ಏಣಿ ಹಾಕಿ ಎರಡಾಳೆತ್ತರಕ್ಕೆ ಕಟ್ಟಿಸಿದೆ. ಎಸ್‌ಎನ್‌ಆರ್ -11ರಿಂದ -3ಕ್ಕೆ ಏರಿತು. ಕಚ್ಚಾ ಆರ್‌ಎಸ್‌ಎಸ್‌ಐ 40ರಿಂದ 42ಕ್ಕೆ, ಅಷ್ಟೇ. ಆಗಲೂ ಸೊನ್ನೆಯನ್ನೇ ತೋರಿಸುತ್ತಿದ್ದ ಆ್ಯಪ್ ನೋಡಿಕೊಂಡು ಕೂತಿದ್ದರೆ ಏಣಿ ಹತ್ತಿದ್ದು ದಂಡ ಎಂದುಕೊಳ್ಳುತ್ತಿದ್ದೆ.

ಒಂದು ಅಂಕಿಯನ್ನು ನೋಡಿ ತೀರ್ಮಾನಿಸಬೇಡಿ. ಈ ಆವರ್ತನದ ತರಂಗದ ಉದ್ದ ಸುಮಾರು 35 ಸೆಂಟಿಮೀಟರ್. ಪೆಟ್ಟಿಗೆಯನ್ನು ಗೇಣಷ್ಟು ಸರಿಸಿದ್ದಕ್ಕೆ ನನಗೆ 6 ಡೆಸಿಬೆಲ್ ವ್ಯತ್ಯಾಸ ಕಂಡಿದೆ. ಇಪ್ಪತ್ತು ಅಂಕಿ ಬರೆದುಕೊಂಡು ನಡುವಿನದನ್ನು ಹಿಡಿಯುತ್ತೇನೆ. ಮೇ ತಿಂಗಳಲ್ಲಿ ಮಳೆ ಬಿದ್ದ ಮರುದಿನ ಬೆಳಿಗ್ಗೆ ಎಲ್ಲ ನೋಡ್‌ಗಳೂ ನಾಲ್ಕೈದು ಡೆಸಿಬೆಲ್ ಕುಸಿದಿದ್ದವು. ಅದು ಮಳೆಹನಿಯ ತಪ್ಪಲ್ಲ, ಒದ್ದೆ ಸೋಗೆ ಹೀರಿಕೊಳ್ಳುವುದು. ಬಿಸಿಲೇರಿದ ಮೇಲೆ ತಾನಾಗಿ ಸರಿಹೋಯಿತು.

ಆ್ಯಪ್‌ನಲ್ಲಿ ‘ನೋಡ್ ದೂರ’ ಎಂಬ ಇನ್ನೊಂದು ಅಲಂಕಾರವಿದೆ. ಸಿಗ್ನಲ್ ಬಲದಿಂದ ದೂರ ಲೆಕ್ಕ ಹಾಕುತ್ತದೆಯಂತೆ. ಮೂರನೆಯ ನೋಡ್ ಮನೆಯಿಂದ 120 ಮೀಟರ್; ನಡುವೆ ತಗಡಿನ ಪಂಪ್ ಶೆಡ್ ಇದೆ. ಆ್ಯಪ್ ಪ್ರಕಾರ 1.4 ಕಿಲೋಮೀಟರ್! ಮನೆಯಾಕೆ ಅದನ್ನು ನೋಡಿ, “ತೋಟ ಯಾವಾಗ ಇಷ್ಟು ಬೆಳೆಯಿತು, ನನಗೆ ಹೇಳಲೇ ಇಲ್ಲವಲ್ಲ” ಎಂದಳು.

ಮಾರಿದವರಿಗೆ 164–157ರ ವಿಷಯ ವಿವರವಾಗಿ ಬರೆದೆ. ಮುಂದಿನ ಆವೃತ್ತಿಯಲ್ಲಿ ಸರಿಪಡಿಸುವುದಾಗಿ ವಿನಯದ ಉತ್ತರ ಬಂತು. ಅದಾದ ಮೇಲೆ ಎರಡು ಆವೃತ್ತಿ ಬಂದಿವೆ. ಸಿಗ್ನಲ್ ಪಟ್ಟಿಯ ಬಣ್ಣ ಹಸಿರಿನಿಂದ ನೀಲಿಯಾಗಿದೆ.

ಲಾಗ್ ತೆರೆದು ನೋಡಬಲ್ಲವರು ಮನೆಯಲ್ಲಿದ್ದರೆ ಧೈರ್ಯವಾಗಿ ಕೊಳ್ಳಿ. ಇಲ್ಲದಿದ್ದರೆ ಎಸ್‌ಎನ್‌ಆರ್ ತೋರಿಸುವ ಬೇರೆ ಕಿಟ್ ಹುಡುಕಿ. ಐದಕ್ಕೆ ಮೂರೂವರೆ ಕೊಡುತ್ತೇನೆ. ಇಂದು ಬೆಳಿಗ್ಗೆಯೂ ಐದನೆಯ ನೋಡ್‌ಗೆ ಸಿಗ್ನಲ್ ಸೊನ್ನೆ, ತೇವಾಂಶ ಶೇ 31. ಆ ಸಾಲಿಗೆ ಇಂದು ನೀರು ಬಿಡಲಿಲ್ಲ.