ಟ್ರಯಂಫ್ ಸ್ಪಿಟ್‌ಫೈರ್ 1500ಕ್ಕೆ ಪೆಟ್ರೋಲ್ ಟ್ಯಾಪ್: ಹಲವು ಚಳಿಗಾಲಗಳ ಬಳಕೆಯ ಅನುಭವ

ಟ್ಯಾಂಕಿನಿಂದ ಪಂಪಿಗೆ ಹೋಗುವ ಪೆಟ್ರೋಲನ್ನು ಕೈಯಿಂದಲೇ ನಿಲ್ಲಿಸಬಲ್ಲ ಒಂದು ಹಿತ್ತಾಳೆಯ ಟ್ಯಾಪನ್ನು ನನ್ನ 1978ರ ಟ್ರಯಂಫ್ ಸ್ಪಿಟ್‌ಫೈರ್ 1500 ಕಾರಿಗೆ ಅಳವಡಿಸಿ ಕೆಲವು ವರ್ಷಗಳಾದವು. ಇಂಗ್ಲೆಂಡಿನ ಕಾವೆಂಟ್ರಿಯ ಕ್ಯಾನ್ಲಿ ಕಾರ್ಖಾನೆಯಲ್ಲಿ ತಯಾರಾದ ಈ ಕಾರು ಈಗಲೂ ಆ ಊರಿನ ಆಸುಪಾಸಿನಲ್ಲೇ ಓಡಾಡಿಕೊಂಡಿದೆ. ಉಳಿದ ಹೊತ್ತಿನಲ್ಲಿ ನಮ್ಮ ಮನೆಗೆ ಅಂಟಿಕೊಂಡಿರುವ ಗ್ಯಾರೇಜಿನಲ್ಲಿರುತ್ತದೆ. ಗ್ಯಾರೇಜಿನ ಗೋಡೆಯ ಆಚೆಗೆ ಅಡುಗೆಮನೆ, ಅಲ್ಲಿ ಗ್ಯಾಸಿನಿಂದ ಉರಿಯುವ ಬಾಯ್ಲರ್. ಟ್ಯಾಪ್ ಬೇಕು ಎಂದು ನಾನು ನಿರ್ಧರಿಸಲು ಈ ಗೋಡೆಯೇ ಮುಖ್ಯ ಕಾರಣ.

ಸ್ಪಿಟ್‌ಫೈರ್‌ನಲ್ಲಿ ಪೆಟ್ರೋಲ್ ಟ್ಯಾಂಕ್ ಇರುವುದು ಸೀಟುಗಳ ಹಿಂದೆ, ಡಿಕ್ಕಿಯ ಮುಂಭಾಗದಲ್ಲಿ, ನೆಲದಿಂದ ಸಾಕಷ್ಟು ಎತ್ತರದಲ್ಲಿ. ಪಂಪ್ ಇರುವುದು ಎಂಜಿನ್ನಿನ ಪಕ್ಕದಲ್ಲಿ, ಟ್ಯಾಂಕಿನೊಳಗಿನ ಪೆಟ್ರೋಲಿನ ಮಟ್ಟಕ್ಕಿಂತ ಕೆಳಗೆ. ಕ್ಯಾಮ್‌ಶಾಫ್ಟಿನಿಂದ ನಡೆಯುವ ಈ ಪಂಪು ಎಂಜಿನ್ ನಿಂತ ಕೂಡಲೇ ತಾನೂ ನಿಲ್ಲುತ್ತದೆ ಎಂಬುದು ನಿಜ. ಆದರೆ ಟ್ಯಾಂಕ್ ತುಂಬಿರುವಾಗ ಪಂಪಿನ ಬಳಿಯ ರಬ್ಬರ್ ಪೈಪನ್ನು ಕಳಚಿದರೆ, ಪಂಪು ನಡೆಯದಿದ್ದರೂ ಪೆಟ್ರೋಲ್ ತನ್ನ ಭಾರಕ್ಕೆ ತಾನೇ ಇಳಿದು ಬರುತ್ತಲೇ ಇರುತ್ತದೆ. ಎಂಜಿಬಿಯಂತಹ ಕಾರುಗಳಲ್ಲಿ ಟ್ಯಾಂಕ್ ಡಿಕ್ಕಿಯ ನೆಲದ ಅಡಿಯಲ್ಲಿ ತಗ್ಗಿನಲ್ಲಿದ್ದು ಪಂಪು ವಿದ್ಯುತ್ತಿನದಾಗಿರುವುದರಿಂದ, ಅಲ್ಲಿ ಕೀಲಿ ತಿರುಗಿಸಿ ಎಂಜಿನ್ ಆರಿಸಿದರೆ ಸರಬರಾಜು ಬಹುಮಟ್ಟಿಗೆ ನಿಲ್ಲುತ್ತದೆ. ಹಾಗಾಗಿ ಎಂಜಿಬಿ ಇಟ್ಟುಕೊಂಡವರು ಇಂತಹ ಟ್ಯಾಪ್ ಅನಗತ್ಯವೆಂದು ಹೇಳಿದರೆ ಅವರ ಮಟ್ಟಿಗೆ ಅದು ಸರಿಯಿರಬಹುದು. ಸ್ಪಿಟ್‌ಫೈರ್‌ಗೆ ಆ ಮಾತು ಅನ್ವಯಿಸುವುದಿಲ್ಲ.

ಇನ್ನೊಂದು ಅಪಾಯವೂ ಇದೆ. ಎಸ್‌ಯು ಕಾರ್ಬ್ಯುರೇಟರಿನ ಫ್ಲೋಟ್ ಚೇಂಬರ್, ಅಂದರೆ ಎಂಜಿನ್ನಿಗೆ ಹೋಗುವ ಪೆಟ್ರೋಲ್ ತಂಗುವ ಪುಟ್ಟ ಬಟ್ಟಲು, ತುಂಬಿದ ಮೇಲೆ ಮತ್ತೆ ಪೆಟ್ರೋಲ್ ಬರದಂತೆ ತಡೆಯುವುದು ಒಂದು ಪುಟ್ಟ ನೀಡಲ್ ವಾಲ್ವ್. ಅದರ ಬಾಯಿಗೆ ಒಂದು ಚೂರು ಕಸ ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ; ಆಗ ಪೆಟ್ರೋಲ್ ಉಕ್ಕಿ, ಬಿಸಿಯಾದ ಎಕ್ಸಾಸ್ಟಿನ ಹತ್ತಿರವೇ ಸುರಿಯಬಹುದು. ಮೈಸೂರಿನಲ್ಲಿ ತಯಾರಾದ ಯೆಜ್ಡಿ ಬೈಕು ಓಡಿಸಿದವರಿಗೆ ಇದನ್ನು ವಿವರಿಸಬೇಕಾಗಿಲ್ಲ. ಗಾಡಿ ನಿಲ್ಲಿಸಿದ ಮೇಲೆ ಕೈ ತಾನಾಗಿಯೇ ಪೆಟ್ರೋಲ್ ಕಾಕ್ ಕಡೆಗೆ ಹೋಗುವ ಅಭ್ಯಾಸ ನಮ್ಮ ಪೀಳಿಗೆಯವರಿಗೆ ಇತ್ತು, ಅದು ಒಳ್ಳೆಯ ಅಭ್ಯಾಸವೂ ಆಗಿತ್ತು.

ಮಾರುಕಟ್ಟೆಯಲ್ಲಿ ಸಿಗುವ ಟ್ಯಾಪುಗಳಲ್ಲಿ ಗುಣಮಟ್ಟದ ಅಂತರ ಬಹಳ ದೊಡ್ಡದು. ನಾನು ಮೊದಲು ತರಿಸಿದ್ದು ಹೊಳೆಯುವ ಲೇಪನವಿದ್ದ ಅಗ್ಗದ ಟ್ಯಾಪ್. ಒಂದೆರಡು ಬೇಸಿಗೆ ಚೆನ್ನಾಗಿಯೇ ಇತ್ತು. ಆಮೇಲೆ ಡಿಕ್ಕಿ ತೆರೆದಾಗಲೆಲ್ಲ ಪೆಟ್ರೋಲ್ ವಾಸನೆ ಮೂಗಿಗೆ ಬಡಿಯತೊಡಗಿತು. ಪೈಪಿನ ಜೋಡಣೆಗಳೆಲ್ಲ ಒಣಗಿಯೇ ಇದ್ದವು. ಲಿವರಿನ ಬುಡಕ್ಕೆ ಬಿಳಿ ಟಿಶ್ಯೂ ಕಾಗದವನ್ನು ಸುತ್ತಿ ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ, ಲಿವರ್ ತಿರುಗುವ ಕಡ್ಡಿಯ ಸುತ್ತ ಮಾತ್ರ ಉಂಗುರದಂತೆ ಒದ್ದೆಯ ಗುರುತು ಮೂಡಿತ್ತು. ಬಿಚ್ಚಿ ನೋಡಿದರೆ ಒಳಗಿನ ರಬ್ಬರ್ ಸೀಲ್ ಉಬ್ಬಿ, ಒಂದು ಕಡೆ ಸಿಪ್ಪೆ ಎದ್ದಿತ್ತು. ಟ್ಯಾಪ್ ಕೊಳ್ಳುವವರು ಹೊರಗಿನ ಲೋಹವನ್ನು ಹೇಗೂ ನೋಡುತ್ತಾರೆ. ಮಾರುವವರನ್ನು ಕೇಳಿ ತಿಳಿಯಬೇಕಾದದ್ದು ಈ ಸೀಲ್ ಯಾವುದರಿಂದ ಮಾಡಿದ್ದು, ಈಗ ಪೆಟ್ರೋಲಿಗೆ ಬೆರೆಸುವ ಎಥೆನಾಲನ್ನು ತಾಳುತ್ತದೆಯೇ ಎಂಬುದನ್ನು. ಅದಕ್ಕೆ ಸ್ಪಷ್ಟವಾದ ಉತ್ತರ ಕೊಡದವರ ಮಾಲನ್ನು ಪೆಟ್ರೋಲಿಗೆ ಬಳಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ.

ಈಗ ಇರುವುದು ಗಟ್ಟಿ ಹಿತ್ತಾಳೆಯ, ಕಾಲು ಸುತ್ತಿಗೆ ಮುಚ್ಚುವ ಬಾಲ್ ವಾಲ್ವ್. ಅದರೊಳಗೆ ತಿರುಗುವ, ನಡುವೆ ರಂಧ್ರವಿರುವ ಗೋಲಕ್ಕೆ ಟೆಫ್ಲಾನ್ ಆಸರೆಯಿದೆ, ಕಡ್ಡಿಗೆ ಎಥೆನಾಲ್ ತಾಳುವ ವೈಟಾನ್ ರಬ್ಬರಿನ ಸೀಲ್ ಇದೆ. ಲಿವರ್ ಪೈಪಿನ ನೇರಕ್ಕಿದ್ದರೆ ತೆರೆದಿದೆ, ಅಡ್ಡವಾಗಿದ್ದರೆ ಮುಚ್ಚಿದೆ. ಕತ್ತಲಲ್ಲಿ ಬೆರಳಿನಿಂದ ಮುಟ್ಟಿಯೇ ತಿಳಿಯಬಹುದು. ಇದಕ್ಕೆ ತೆತ್ತ ಬೆಲೆ ಒಮ್ಮೆ ಟ್ಯಾಂಕ್ ತುಂಬಿಸುವ ಖರ್ಚಿಗಿಂತ ಕಡಿಮೆ. ಟ್ಯಾಪ್ ಹಾಕಿದರೆ ಪೆಟ್ರೋಲಿನ ಹರಿವು ಕಡಿಮೆಯಾದೀತೆಂಬ ಆತಂಕ ಕೆಲವರಿಗಿದೆ. 71 ಅಶ್ವಶಕ್ತಿಯ ಈ ಎಂಜಿನ್ ಪೂರ್ಣ ಶಕ್ತಿಯಲ್ಲಿ ಓಡಿದರೂ ಗಂಟೆಗೆ ಸುಮಾರು 20ರಿಂದ 25 ಲೀಟರ್, ಅಂದರೆ ನಿಮಿಷಕ್ಕೆ ಅರ್ಧ ಲೀಟರಿಗಿಂತಲೂ ಕಡಿಮೆ ಪೆಟ್ರೋಲ್ ಕುಡಿಯುತ್ತದೆ. ಪೈಪಿನಷ್ಟೇ ಅಗಲವಾದ ರಂಧ್ರವಿರುವ ಬಾಲ್ ವಾಲ್ವಿಗೆ ಅದು ಏನೇನೂ ಅಲ್ಲ. ಮೋಟಾರ್‌ವೇಯಲ್ಲಿ ದೀರ್ಘಕಾಲ ವೇಗವಾಗಿ ಹೋದಾಗಲೂ ಎಂಜಿನ್ ಒಮ್ಮೆಯೂ ಪೆಟ್ರೋಲಿಗೆ ತಡಕಾಡಿಲ್ಲ.

ಟ್ಯಾಪನ್ನು ಎಲ್ಲಿ ಹಾಕಬೇಕೆಂಬುದರ ಬಗ್ಗೆಯೇ ನಾನು ಹೆಚ್ಚು ಯೋಚಿಸಿದ್ದು. ಸ್ಪಿಟ್‌ಫೈರ್‌ನ ಬಾನೆಟ್ ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುವುದರಿಂದ ಪಂಪಿನ ಪಕ್ಕದಲ್ಲಿ ಹಾಕಿದರೆ ಕೈಗೆ ಬಹಳ ಸುಲಭವಾಗಿ ಸಿಗುತ್ತದೆ. ಆದರೆ ಆಗ ಕಾರಿನ ಉದ್ದಕ್ಕೂ ಹಾದುಬರುವ ಪೈಪು, ಅದರ ಹಳೆಯ ರಬ್ಬರ್ ಜೋಡಣೆಗಳೊಂದಿಗೆ, ಸದಾ ಟ್ಯಾಂಕಿಗೆ ತೆರೆದುಕೊಂಡೇ ಇರುತ್ತದೆ. ಟ್ಯಾಂಕಿನ ಪಕ್ಕದಲ್ಲೇ ಹಾಕಿದರೆ ಅದರಿಂದ ಮುಂದಿನದೆಲ್ಲವೂ ಟ್ಯಾಂಕಿನಿಂದ ಬೇರ್ಪಡುತ್ತದೆ. ನಾನು ಎರಡನೆಯದನ್ನೇ ಆರಿಸಿಕೊಂಡೆ. ಪ್ರತಿ ಸಲ ಡಿಕ್ಕಿ ತೆರೆದು ಕೈ ಹಾಕಬೇಕು ಎಂಬ ತೊಂದರೆಯನ್ನು ಒಪ್ಪಿಕೊಳ್ಳಲೇಬೇಕಾಯಿತು. ಜೊತೆಗೆ ಮುಚ್ಚಿದ ಜಾಗದಲ್ಲಿ ಎರಡು ಹೊಸ ಜೋಡಣೆಗಳು ಸೇರಿಕೊಳ್ಳುವುದರಿಂದ ಅವು ಒಂದಿಷ್ಟೂ ಜಿನುಗದಂತೆ ನೋಡಿಕೊಳ್ಳುವ ಹೊಣೆಯೂ ಹೆಚ್ಚಿತು.

ಕೆಲಸ ಶುರುಮಾಡುವ ಮೊದಲು ಕಾರನ್ನು ಗ್ಯಾರೇಜಿನಿಂದ ಹೊರಗೆ ತಂದು, ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಿ, ಟ್ಯಾಂಕನ್ನು ಸಾಧ್ಯವಾದಷ್ಟು ಬರಿದುಮಾಡಿಕೊಳ್ಳಬೇಕು. ತುಂಬಿದ್ದರೆ ಅದರಲ್ಲಿ ಸುಮಾರು 33 ಲೀಟರ್ ಇರುತ್ತದೆ. ಬ್ರಿಟನ್ನಿನ ನಿಯಮದಂತೆ ಮನೆಯಲ್ಲಿ ಯಾರಿಗೂ ತಿಳಿಸದೆ ಶೇಖರಿಸಿಡಬಹುದಾದದ್ದು 30 ಲೀಟರ್ ಮಾತ್ರ, ಅದೂ ಪ್ಲಾಸ್ಟಿಕ್ ಕ್ಯಾನಾದರೆ ಒಂದರಲ್ಲಿ 10, ಲೋಹದ್ದಾದರೆ 20 ಲೀಟರ್ ಮೀರಬಾರದು. ಆದ್ದರಿಂದ ಪೆಟ್ರೋಲ್ ತಳಮುಟ್ಟುವ ತನಕ ಕಾರು ಓಡಿಸಿ, ಆಮೇಲೆ ಕೆಲಸಕ್ಕೆ ಕೈಹಾಕುವುದೇ ಸರಳ. ಪೈಪಿನ ಹೊರ ಅಳತೆಯನ್ನು ವರ್ನಿಯರ್‌ನಿಂದ ಅಳೆದೇ ಟ್ಯಾಪ್ ತರಿಸಬೇಕು. ಮಾರುಕಟ್ಟೆಯಲ್ಲಿ 6 ಮಿಮೀ, 8 ಮಿಮೀ ಎರಡೂ ಇವೆ, ಮತ್ತು ಸಡಿಲವಾದ ಪೈಪನ್ನು ಕ್ಲಿಪ್ಪಿನಿಂದ ಬಿಗಿದು ಸರಿಪಡಿಸುತ್ತೇನೆಂಬುದು ಅಪಾಯಕಾರಿ ಯೋಚನೆ.

ರಬ್ಬರ್ ಪೈಪಿನ ವಿಷಯದಲ್ಲಿ ಯಾವ ಉಳಿತಾಯವನ್ನೂ ಮಾಡಬಾರದು. 2021ರ ಸೆಪ್ಟೆಂಬರಿನಿಂದ ಇಲ್ಲಿನ ಸಾಮಾನ್ಯ ಪೆಟ್ರೋಲಿನಲ್ಲಿ ಎಥೆನಾಲ್ ಶೇಕಡಾ 10ರವರೆಗೆ ಇರುತ್ತದೆ. ಹಳೆಯ ಕಾರುಗಳಿಗೆ ಶೇಕಡಾ 5ರ ಮಿತಿಯ ಸೂಪರ್ ಪೆಟ್ರೋಲನ್ನೇ ಹಾಕುತ್ತೇವಾದರೂ, ದೂರದ ಊರಿನಲ್ಲಿ ಸಿಕ್ಕಿದ್ದನ್ನು ಹಾಕಿಸಿಕೊಳ್ಳುವ ಸಂದರ್ಭ ಬಂದೇ ಬರುತ್ತದೆ. ನಾನು ಬಳಸಿರುವುದು ಎಥೆನಾಲ್ ತಾಳುವ ದರ್ಜೆಯಾದ ಆರ್9 ಎಂದು ಮೈಮೇಲೆ ಅಚ್ಚಾಗಿರುವ ಪೈಪು. ಭಾರತದಲ್ಲಿ ಈಗ ಬಂಕುಗಳಲ್ಲಿ ಶೇಕಡಾ 20 ಎಥೆನಾಲ್ ಬೆರೆತ ಪೆಟ್ರೋಲೇ ಸಿಗುತ್ತಿರುವುದರಿಂದ, ಬೆಂಗಳೂರಿನಲ್ಲೋ ಮೈಸೂರಿನಲ್ಲೋ ಸ್ಪಿಟ್‌ಫೈರ್‌ನ ಹತ್ತಿರದ ಸಂಬಂಧಿಯಾದ ಸ್ಟ್ಯಾಂಡರ್ಡ್ ಹೆರಾಲ್ಡನ್ನು ಜೋಪಾನಮಾಡಿಕೊಂಡು ಬಂದಿರುವವರು ಟ್ಯಾಪ್ ಹಾಕಲಿ ಬಿಡಲಿ, ಹಳೆಯ ರಬ್ಬರ್ ಪೈಪುಗಳನ್ನು ಬದಲಿಸುವುದನ್ನು ಮುಂದೂಡಬಾರದೆಂದು ಕಳಕಳಿಯಿಂದ ಹೇಳುತ್ತೇನೆ. ಕ್ಲಿಪ್ಪುಗಳೂ ಪೆಟ್ರೋಲ್ ಪೈಪಿಗೆಂದೇ ಮಾಡಿದ, ಅಂಚು ಹೊರಕ್ಕೆ ಮಡಿಸಿದ ಪುಟ್ಟ ಕ್ಲಿಪ್ಪುಗಳಾಗಿರಬೇಕು. ಪಟ್ಟಿಯಲ್ಲಿ ಸೀಳುಗಳಿರುವ ಸಾಮಾನ್ಯ ಕ್ಲಿಪ್ಪು ಬಿಗಿದಂತೆಲ್ಲ ರಬ್ಬರನ್ನೇ ಕತ್ತರಿಸುತ್ತದೆ.

ಟ್ಯಾಪಿನ ಭಾರ ರಬ್ಬರ್ ಪೈಪಿನ ಮೇಲೆ ನೇತಾಡಬಾರದೆಂದು ಅದನ್ನು ಒಂದು ಪುಟ್ಟ ಬ್ರ್ಯಾಕೆಟ್ಟಿಗೆ ಬಿಗಿದಿದ್ದೇನೆ. ಪೈಪು ಮೇಲಿನಿಂದ ಕೆಳಕ್ಕೆ ಇಳಿಯುವ ಕಡೆ ಟ್ಯಾಪ್ ಕೂರಿಸಿ, ತೆರೆದಿರುವಾಗ ಲಿವರ್ ಕೆಳಮುಖವಾಗಿ ನೇತಾಡುವಂತೆ ಮಾಡಿರುವುದಕ್ಕೂ ಕಾರಣವಿದೆ. ಮುಂದೆಂದಾದರೂ ಲಿವರ್ ಸಡಿಲವಾಗಿ, ಓಡುವಾಗಿನ ಅದುರಿಗೆ ತಾನಾಗಿ ಜಾರಿದರೂ ಅದು ತೆರೆದ ಸ್ಥಿತಿಗೇ ಜಾರಬೇಕು. ಲಾರಿಗಳ ನಡುವೆ ಎಂಜಿನ್ ನಿಂತುಹೋಗುವುದು ಸಣ್ಣ ಸೋರಿಕೆಗಿಂತ ಕಡಿಮೆ ಅಪಾಯವೇನಲ್ಲ. ಫಿಲ್ಟರನ್ನು ಟ್ಯಾಪಿನ ನಂತರ, ಪಂಪಿಗಿಂತ ಮುಂಚೆ ಇಟ್ಟಿದ್ದೇನೆ. ಮೊದಲೆಲ್ಲ ಫಿಲ್ಟರ್ ಬದಲಿಸುವುದೆಂದರೆ ಪೈಪಿನ ಬಾಯಿಗೆ ಬೋಲ್ಟು ತುರುಕಿ, ಮೊಣಕೈತನಕ ಪೆಟ್ರೋಲ್ ಸುರಿಸಿಕೊಂಡು ಮಾಡುವ ಕೆಲಸವಾಗಿತ್ತು. ಈಗ ಟ್ಯಾಪ್ ಮುಚ್ಚಿದರೆ ಪೈಪಿನಲ್ಲಿ ಉಳಿದಷ್ಟು ಮಾತ್ರ ಡಬ್ಬಿಗೆ ಇಳಿದು ನಿಲ್ಲುತ್ತದೆ. ನಿತ್ಯದ ಬಳಕೆಯಲ್ಲಿ ನನಗೆ ಅತ್ಯಂತ ಸಂತೋಷ ಕೊಟ್ಟಿರುವುದು ಇದೇ.

ಕಾರನ್ನು ಚಳಿಗಾಲಕ್ಕೆ ನಿಲ್ಲಿಸುವಾಗ ಟ್ಯಾಪ್ ಮುಚ್ಚಿ, ಫ್ಲೋಟ್ ಚೇಂಬರುಗಳು ಬರಿದಾಗಿ ಎಂಜಿನ್ ತಾನೇ ನಿಲ್ಲುವವರೆಗೆ ಬಿಡುತ್ತೇನೆ. ಹಾಗೆ ಬರಿದುಮಾಡಿದರೆ ಒಳಗಿನ ಸೀಲುಗಳು ಒಣಗುತ್ತವೆಂದು ವಾದಿಸುವ ಅನುಭವಿಗಳಿದ್ದಾರೆ, ಅದರಲ್ಲಿ ತಥ್ಯವೂ ಇದೆ. ಆದರೆ ಚೇಂಬರಿನಲ್ಲೇ ಉಳಿದ ಪೆಟ್ರೋಲ್ ತಿಂಗಳುಗಟ್ಟಲೆ ಆರಿ ಅಂಟಾಗುವುದನ್ನು ಕಂಡಿರುವ ನನಗೆ ಬರಿದುಮಾಡುವುದೇ ಮೇಲೆನಿಸಿದೆ. ವಾರದೊಳಗೆ ಮತ್ತೆ ಓಡಿಸುವುದಿದ್ದರೆ ಬರಿದುಮಾಡದೆ ಟ್ಯಾಪನ್ನಷ್ಟೇ ಮುಚ್ಚುತ್ತೇನೆ. ಕಳ್ಳತನಕ್ಕೂ ಇದು ಒಂದಿಷ್ಟು ಅಡ್ಡಿಯೇ: ಟ್ಯಾಪ್ ಮುಚ್ಚಿರುವ ಕಾರು ಚಾಲೂ ಆದರೂ ಬಹಳ ದೂರ ಹೋಗುವುದಿಲ್ಲ. ಅಪಘಾತದಲ್ಲಿ ಮಾತ್ರ ಇದರಿಂದ ರಕ್ಷಣೆಯನ್ನು ನಿರೀಕ್ಷಿಸಬಾರದು, ಏಕೆಂದರೆ ಆ ಹೊತ್ತಿನಲ್ಲಿ ಡಿಕ್ಕಿ ತೆರೆದು ಲಿವರ್ ತಿರುಗಿಸಲು ಯಾರಿಗೂ ಆಗುವುದಿಲ್ಲ.

ಕೊರತೆಯೆಂದು ಹೇಳಬಹುದಾದದ್ದು ಒಂದೇ. ಬಹಳ ದಿನ ಅಲುಗಾಡಿಸದೆ ಬಿಟ್ಟರೆ ಲಿವರ್ ಬಿಗಿಯಾಗುತ್ತದೆ, ಅದರಲ್ಲೂ ಚಳಿಯಲ್ಲಿ ತಿರುಗಿಸಲು ಎರಡು ಬೆರಳು ಸಾಲುವುದಿಲ್ಲ. ಆದ್ದರಿಂದ ಬೇಕಿರಲಿ ಬೇಡವಾಗಿರಲಿ, ಆಗಾಗ ಮುಚ್ಚಿ ತೆರೆಯುತ್ತಿರಬೇಕು. ನಲವತ್ತು ವರ್ಷ ದಾಟಿದ, ಹೆಚ್ಚು ಮಾರ್ಪಾಡಾಗದ ಕಾರುಗಳಿಗೆ ಇಲ್ಲಿ ಎಂಒಟಿ ಎಂಬ ವಾರ್ಷಿಕ ವಾಹನ ತಪಾಸಣೆಯಿಂದ ವಿನಾಯಿತಿ ಇರುವುದರಿಂದ ಸೋರಿಕೆಯನ್ನು ಬೇರೆಯವರು ಕಂಡುಹಿಡಿದು ಹೇಳುವರೆಂದು ಕಾಯುವಂತಿಲ್ಲ. ಪ್ರತಿ ವಸಂತದಲ್ಲಿ ಜೋಡಣೆಗಳ ಕೆಳಗೆ ಬಿಳಿ ಕಾಗದ ಹಾಸಿ, ಟ್ಯಾಪ್ ತೆರೆದಿಟ್ಟು, ಕಾರನ್ನು ಹೊರಗೇ ನಿಲ್ಲಿಸಿ ಗಂಟೆಗಟ್ಟಲೆ ಬಿಟ್ಟು ನೋಡುತ್ತೇನೆ. ವಿಮಾ ಕಂಪನಿಗೂ ಈ ಮಾರ್ಪಾಡನ್ನು ಬರೆದು ತಿಳಿಸಿದ್ದೇನೆ. ಟ್ಯಾಪಿನ ಪಕ್ಕದಲ್ಲಿ ಯಾವ ಕಡೆ ತಿರುಗಿಸಿದರೆ ಮುಚ್ಚುತ್ತದೆಂಬುದನ್ನು ಇಂಗ್ಲಿಷಿನಲ್ಲಿ ದೊಡ್ಡದಾಗಿ ಬರೆದು ಅಂಟಿಸಿದ್ದೇನೆ, ಏಕೆಂದರೆ ಕಾರು ರಿಪೇರಿಗೆ ಹೋದಾಗ ಅದನ್ನು ಮುಟ್ಟುವವರು ಬೇರೆಯವರು.