ಮಾಮಾನ ಫೋಟೋ ಮಾಡಿಕೊಟ್ಟ ದುರ್ಗದ ಬೈಲಿನ ಅಂಗಡಿ

ಮನೆಗೆ ನೀರು ಹೊಕ್ಕು ಫೋಟೋ ತೊಯ್ದಿದ್ದರೆ ಬಿಸಿಲಿಗೆ ಹಾಕಬೇಡಿ. ನಾನು ಹಾಕಿ ಕೆಡಿಸಿಕೊಂಡವನು. ಇದನ್ನು ಹೇಳಿಕೊಟ್ಟದ್ದು ಹುಬ್ಬಳ್ಳಿ ದುರ್ಗದ ಬೈಲಿನ ಒಂದು ಸಂದಿಯಲ್ಲಿರುವ ಫೋಟೋ ಫ್ರೇಮ್ ಅಂಗಡಿಯ ಕಾಕಾ. ಬೋರ್ಡಿನ ಬಣ್ಣ ಎದ್ದುಹೋಗಿ ಹೆಸರು ಓದೋಕೆ ಬರಲ್ಲ. ಬಾಗಿಲ ತುಂಬ ಸಿದ್ಧಾರೂಢರು, ಯಲ್ಲಮ್ಮ, ಬಸವಣ್ಣ ತೂಗಾಡುತ್ತಿರುತ್ತಾರೆ, ಪಕ್ಕದಲ್ಲಿ ಬಳೆ ಅಂಗಡಿ. ಅಷ್ಟೇ ಗುರುತು.

2019ರ ಆಗಸ್ಟ್. ಅಕ್ಕನ ಊರು ರೋಣ ತಾಲ್ಲೂಕಿನಲ್ಲಿ, ಬೆಣ್ಣಿಹಳ್ಳದ ದಂಡೆಗೆ. ಬೇಸಿಗೆಯಲ್ಲಿ ಚಪ್ಪಲಿ ತೋಯದಂತೆ ದಾಟಬಹುದಾದ ಹಳ್ಳ ಅದು. ಆದರೆ ಸುತ್ತೆಲ್ಲ ಎರೆ ಭೂಮಿ, ದಂಡೆ ತಗ್ಗು. ಮೇಲೆ ಹುಬ್ಬಳ್ಳಿ, ಕುಂದಗೋಳದ ಕಡೆ ಮಳೆಯಾದರೆ ಸಾಕು, ಇಲ್ಲಿ ಹನಿ ಬೀಳದಿದ್ದರೂ ನೀರು ಬರುತ್ತದೆ. ಆ ಸಲ ನವಿಲುತೀರ್ಥ ಡ್ಯಾಮಿನಿಂದ, ಈ ಹಳ್ಳ ಹೋಗಿ ಸೇರುವ ಮಲಪ್ರಭೆಗೂ ನೀರು ಬಿಟ್ಟಿದ್ದರು. ಮಾಮಾ, ಅಂದರೆ ಅಕ್ಕನ ಗಂಡ, ಹೊಲದಲ್ಲಿ ಕಟ್ಟಿದ್ದ ಎತ್ತು ಬಿಚ್ಚಲು ಹೋದರು. ಎತ್ತು ಈಜಿ ಮನೆಗೆ ಬಂದವು. ಮಾಮಾ ಮೂರನೇ ದಿನ ಜಾಲಿಕಂಟಿಯಲ್ಲಿ ಸಿಕ್ಕರು.

ಆಮೇಲೆ ಕಾಗದದ ಕೆಲಸ. ಪಂಚನಾಮೆ, ಪೋಸ್ಟ್‌ಮಾರ್ಟಂ, ಮರಣ ನೋಂದಣಿ. 21 ದಿನದೊಳಗೆ ಬರೆಸಿದರೆ ಅದಕ್ಕೆ ದುಡ್ಡಿಲ್ಲ, ನೆನಪಿರಲಿ. ವಿಪತ್ತು ಪರಿಹಾರದ ನಿಯಮದಲ್ಲಿ ಸತ್ತವರ ಮನೆಯವರಿಗೆ ಆಗ 4 ಲಕ್ಷ ಇತ್ತು, ಅದೂ ಬಂತು. ಚಾದರ, ಅಕ್ಕಿ, ಬಕೆಟ್ಟು ಜಾಸ್ತಿಯೇ ಬಂದವು. ಅಕ್ಕ ಕೇಳಿದ್ದು ಬೇರೆ: "ಮಾನೌಮಿ ಅಮಾಸಿಗೆ ಧೋತರ ಯಾರ ಮುಂದ ಇಡ್ಲಿ?" ನಮ್ಮಲ್ಲಿ ಆ ಅಮಾವಾಸ್ಯೆಗೆ ಹಿರಿಯರ ಫೋಟೋ ಮುಂದೆ ಹೊಸ ಬಟ್ಟೆ, ಹೋಳಿಗೆ ಇಟ್ಟು ಪೂಜೆ ಮಾಡ್ತಾರೆ. ಮಾಮಾಂದು ಹಾಗೆ ಇಡುವಂಥ ಒಂದು ಫೋಟೋ ಇರಲಿಲ್ಲ.

ಟ್ರಂಕಿನಲ್ಲಿ ಮದುವೆ ಆಲ್ಬಮ್ ಸಿಕ್ಕಿತ್ತು, ಹಾಳೆಗಳೆಲ್ಲ ಅಂಟಿ ಇಟ್ಟಂಗಿಯಂತಾಗಿತ್ತು. ನಾನು ಶ್ಯಾಣ್ಯಾನಂತೆ ಬಿಸಿಲಿಗಿಟ್ಟು, ಒಣಗಿದ ಮೇಲೆ ಬಿಡಿಸಲು ಹೋದೆ. ಮೊದಲ ಹಾಳೆಯ ಬಣ್ಣ ಮಾಮಾನ ಅರ್ಧ ಮುಖದ ಸಮೇತ ಕಿತ್ತುಬಂತು. ಉಳಿದದ್ದು ಆಧಾರ್ ಕಾರ್ಡ್. ಆಧಾರ್ ಫೋಟೋದಲ್ಲಿ ಯಾರು ಚೆಂದ ಕಾಣ್ತಾರೆ ಹೇಳಿ?

ಮೊದಲು ಹೋದದ್ದು ಬೇರೆ ಸ್ಟುಡಿಯೋಗೆ. ಅವರು ಆ ಮುಖ ದೊಡ್ಡದು ಮಾಡಿ, ಬೆಳ್ಳಗೆ ಮಾಡಿ, ಕರಿ ಕೋಟು ಟೈ ಹಾಕಿ, ಹಿಂದೊಂದು ಗುಲಾಬಿ ತೋಟ ಇಟ್ಟುಕೊಟ್ಟರು. ನಾನು ಗದಗ-ಬೆಟಗೇರಿಯಲ್ಲಿ ಟೇಲರ್. 20 ವರ್ಷ ಮಾಮಾನ ನೆಹರೂ ಶರ್ಟು ಹೊಲಿದವನು. ಒಂದು ಸಲವೂ ಕೋಟಿನ ಅಳತೆ ತೆಗೆದಿಲ್ಲ. ಅಕ್ಕ ನೋಡಿ, "ಇವರ್ಯಾರೋ ಸಾಹೇಬ್ರು" ಎಂದು ಬೋರಲು ಹಾಕಿದಳು.

ದುರ್ಗದ ಬೈಲಿನ ಕಾಕಾ ಆಲ್ಬಮ್ ಕೈಗೆ ತೆಗೆದುಕೊಂಡವರೇ ನನಗೆ ಬೈದರು. ಲ್ಯಾಬಿನಲ್ಲಿ ತೊಳೆದ ಹಳೇ ಫೋಟೋದ ಮೇಲೆ ಜೆಲಟಿನ್ ಅನ್ನೋ ಪದರ ಇರುತ್ತದೆ, ಚಿತ್ರ ಇರೋದೇ ಅದರಲ್ಲಿ. ತೊಯ್ದಾಗ ಮೆತ್ತಗಾಗಿ, ಒಣಗುವಾಗ ಪಕ್ಕದ್ದಕ್ಕೆ ಅಂಟುತ್ತದೆ. ಅದಕ್ಕೇ ಒಣಗಿಸಿ ಕೀಳಬಾರದು. ಅವರು ಆಲ್ಬಮ್ಮನ್ನು ತಣ್ಣೀರಿನ ಟ್ರೇಯಲ್ಲಿ ಮುಳುಗಿಸಿ, ಅದು ತಾನೇ ಸಡಿಲಾಗುವ ತನಕ ಕಾದು, ಒಂದೊಂದೇ ಬಿಡಿಸಿ, ನೆರಳಲ್ಲಿ ಬಿಳಿ ಬಟ್ಟೆಯ ಮೇಲೆ ಅಂಗಾತ ಹಾಸಿದರು. ಇಂಕ್ ಪ್ರಿಂಟರಿನ ಫೋಟೋಗೆ ಇದು ನಡೆಯಲ್ಲ, ಬಣ್ಣ ಹರಿದುಹೋಗುತ್ತದೆ. ಗಾಜಿಗೆ ಅಂಟಿದ್ದರೆ ಗಾಜಿನ ಸಮೇತ ಒಯ್ಯಿರಿ, ಮೇಲಿಂದಲೇ ಸ್ಕ್ಯಾನ್ ಮಾಡ್ತಾರೆ. ಈ ಟ್ರೇ ಕೆಲಸ ಅವರು ಕಲಿತದ್ದು 2009ರ ನೆರೆ ಆದಮೇಲಂತೆ. ಆಗ ಉತ್ತರ ಕರ್ನಾಟಕದಲ್ಲಿ 200ಕ್ಕೂ ಹೆಚ್ಚು ಜನ ಹೋಗಿದ್ದರಲ್ಲ, ತಿಂಗಳುಗಟ್ಟಲೆ ಇದೇ ಕೆಲಸ ಬಂದಿತ್ತಂತೆ.

ನಮ್ಮದರಲ್ಲಿ ಎರಡು ಫೋಟೋ ಉಳಿದವು. ಅಕ್ಕಿಕಾಳು ಬಿದ್ದಾಗಿನ ಮುಖ, ವಯಸ್ಸು 24. ಕಾಕಾ ಅಕ್ಕನನ್ನು ಕಂಪ್ಯೂಟರ್ ಹುಡುಗನ ಪಕ್ಕ ಕೂರಿಸಿದರು. ಕಣ್ಣು ಮದುವೆಯದು, ಮೀಸೆ ಆಧಾರಿಂದು. ಎರಡು ತಾಸು ಅಕ್ಕ ಹೇಳುತ್ತಾ ಹೋದಳು, ಹುಡುಗ ತಿದ್ದುತ್ತಾ ಹೋದ. ಹುಬ್ಬಿನ ಮೇಲೆ ಕುಂಟೆ ಬಡಿದ ಗಾಯದ ಗುರುತಿತ್ತು, ನೀರಿನ ಕಲೆ ಅಂದುಕೊಂಡು ಅವನು ಅಳಿಸಿಬಿಟ್ಟಿದ್ದ. ಅಕ್ಕ ಸ್ಕ್ರೀನಿನ ಮೇಲೆ ಬೆರಳಿಟ್ಟು, "ಅದು ಕಲಿ ಅಲ್ಲೋ ತಮ್ಮಾ, ಅವರದ ಅದು" ಅಂದಳು. ಹುಡುಗ ವಾಪಸ್ ತಂದ.

ಬಟ್ಟೆಗೆ ನಾನೇ ಒಂದು ಶರ್ಟು ಒಯ್ದಿದ್ದೆ. ಪಂಚಮಿಗೆಂದು ಹೊಲಿದದ್ದು, ಮಾಮಾ ಒಯ್ಯಲು ಬರದೆ ನನ್ನ ಅಂಗಡಿಯಲ್ಲೇ ಉಳಿದಿತ್ತು. ಅದನ್ನು ಹ್ಯಾಂಗರಿಗೆ ಹಾಕಿ ಫೋಟೋ ತೆಗೆದು ಕೂರಿಸಿದರು.

ತಕರಾರೂ ಇವೆ. ನಾಲ್ಕು ದಿನ ಅಂದು 11 ದಿನ ಮಾಡಿದರು, ಗದಗಿನಿಂದ ಮೂರು ಸಲ ಓಡಾಟ. ಕೂರಲು ಇರೋದು ಒಂದೇ ಸ್ಟೂಲು. ಸುತ್ತ ಲೈಟ್ ಮಿನುಗುವ ಫ್ರೇಮ್ ತಗೊಳ್ಳಿ ಅಂತ ಹುಡುಗ ಸುಮ್ನೆ ಗಂಟುಬೀಳ್ತಾನೆ, ಬೇಡ ಅನ್ನಿ. ಬಿಲ್ಲಿನಲ್ಲಿ ಕೈಕೆಲಸದ ಸಾಲನ್ನು ಕಾಕಾ ಮಾತಾಡದೆ ಹೊಡೆದುಹಾಕಿದರು. ಪ್ರಿಂಟು, ಗಾಜು, ಕಟ್ಟು ಸೇರಿ 850 ರೂಪಾಯಿ. ಅಮಾವಾಸ್ಯೆಗೆ ಎರಡು ದಿನ ಮುಂಚೆ ಕೈಗೆ ಬಂತು.

ಮನೆಗೆ ತಂದಮೇಲೆ ನೋಡಿದೆ, ಶರ್ಟಿನ ಚಿತ್ರ ಹೊಳ್ಳಿಸಿ ಕೂರಿಸಿದ್ದಾರೆ. ಗುಂಡಿಗಳೆಲ್ಲ ಹೆಣ್ಣುಮಕ್ಕಳ ಬ್ಲೌಸಿನಂತೆ ಎಡಕ್ಕೆ. ಟೇಲರ್ ಕಣ್ಣು, ಏನು ಮಾಡೋದು. ಯಾರಿಗೂ ಹೇಳಿರಲಿಲ್ಲ.

ಮೊನ್ನೆ ಗಾಜು ಬಿರುಕು ಬಿಟ್ಟಿತು ಅಂತ ಅಕ್ಕನನ್ನೂ ಕರೆದುಕೊಂಡು ಮತ್ತೆ ಹೋಗಿದ್ದೆ. ಕಾಕಾ ಫೋಟೋ ಹೊರಗೆ ತೆಗೆದು ನೋಡಿ, "ಗುಂಡಿ ಉಲ್ಟಾ ಆಗ್ಯಾವಲ್ರೀ, ಹೊಸಾದು ಹಾಕಿಕೊಡ್ತೀನಿ, ರೊಕ್ಕ ಬ್ಯಾಡ" ಅಂದರು. ಅಕ್ಕ ಸೆರಗಿನಿಂದ ಫೋಟೋದ ಧೂಳು ಒರೆಸುತ್ತಾ, "ಬ್ಯಾಡ್ರಿ, ಹಿಂಗ ನೋಡಿ ರೂಢಿ ಆಗೇತಿ" ಅಂದಳು. ಗಾಜಿಗೆ 120 ರೂಪಾಯಿ ತೆಗೆದುಕೊಂಡರು.